ಅರಳು ಮರುಳು: ಒಂದು ಬೇನೆಯ ಚರಿತ್ರೆ

'ಅರವತ್ತಕ್ಕೆ ಅರಳು ಮರುಳು' ಎಂಬ ನುಡಿಯನ್ನು ಕೇಳದ ಕನ್ನಡಿಗರಿಲ್ಲ. ಇದಕ್ಕೆ 'ಮರುಳು' ಎಂದೂ 'ಮರಳು' ಎಂದೂ ಎರಡು ಪಾಠಗಳುಂಟು. ಮೊದಲನೆಯದು ಬುದ್ಧಿ ಮಂಕಾಗುವುದನ್ನು ಹೇಳಿದರೆ, ಎರಡನೆಯದರಲ್ಲಿ ಮರಳಿ ಅರಳುವ ಅರ್ಥವೂ ಹೊಳೆಯುತ್ತದೆ. ವರಕವಿ ಬೇಂದ್ರೆಯವರು ಈ ಎರಡನೆಯ ಪಾಠವನ್ನೇ ಹಿಡಿದು ತಮ್ಮ ಕವನಗಳ ಸಂಪುಟಕ್ಕೆ 'ಅರಳು ಮರಳು' ಎಂದು ಹೆಸರಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಮನೆಮನೆಯ ಮಾತಿನಲ್ಲಿ ಉಳಿದಿರುವುದು ಮೊದಲನೆಯ ಪಾಠವೇ. ನಮ್ಮ ಹದಡಿಯ ಕಡೆ ವಯಸ್ಸಾದ ಅಜ್ಜನೊಬ್ಬ ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಸೊಸೆ ಬಡಿಸಲೇ ಇಲ್ಲವೆಂದು ನೆರೆಯವರೆದುರು ದೂರಿದರೆ, 'ಅವರಿಗೆ ಅರಳು ಮರುಳು' ಎಂದು ಹೇಳಿ ಮಾತು ಮುಗಿಸುತ್ತಾರೆ. ಮುಪ್ಪಿನ ಜತೆಗೆ ಬಂದೇ ಬರುವುದು ಎಂದು ಹೇಳಿದ ಮೇಲೆ ವೈದ್ಯರಲ್ಲಿಗೆ ಕರೆದೊಯ್ಯುವ ಪ್ರಸಂಗವೇ ಇಲ್ಲ.

ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ಮುಪ್ಪು ಬಂದವರೆಲ್ಲ ಹೀಗಾಗುವುದಿಲ್ಲವೆಂಬುದು ಕಣ್ಣೆದುರಿನ ಸಂಗತಿ. ತೊಂಬತ್ತರಲ್ಲಿಯೂ ಊರ ಹೊಲಗಳ ಎಲ್ಲೆಕಟ್ಟನ್ನೂ ನಾಲ್ಕು ತಲೆಮಾರಿನ ನೆಂಟಸ್ತನವನ್ನೂ ತಪ್ಪದೆ ಹೇಳುವ ಯಜಮಾನರು ನಮ್ಮಲ್ಲಿ ಇದ್ದಾರೆ. ಹಾಗಾದರೆ ಕೆಲವರನ್ನು ಮಾತ್ರ ಹಿಡಿಯುವ ಈ ಮರೆವು ಏನು? ಕನ್ನಿ ಎಲ್ಲಿದೆ, ಕಾರಣವೇನು? ನೂರಿಪ್ಪತ್ತು ವರ್ಷಗಳ ಶೋಧನೆಯಿಂದ ಇದಕ್ಕೆ ಅಷ್ಟಿಷ್ಟು ಉತ್ತರ ದೊರೆತಿದೆ. ಆ ಉತ್ತರದಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಬರುತ್ತವೆ: ಒಂದು ಉರಿಯೂತ, ಇನ್ನೊಂದು ಕಿಣ್ವ. ಇವೆರಡೂ ಮಿದುಳಿನೊಳಗೆ ಹೇಗೆ ಸಂಧಿಸಿದವೆಂಬುದೇ ಈ ಲೇಖನದ ವಸ್ತು.

ಮೊದಲು ಶಬ್ದಗಳನ್ನು ಪರಿಶೀಲಿಸೋಣ. ಉರಿ ಮತ್ತು ಊತ ಕೂಡಿ, ನಡುವೆ ಯಕಾರ ಬಂದು, ಉರಿಯೂತವಾಯಿತು. ಆಗಮ ಸಂಧಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ. ಶಬ್ದದಲ್ಲಿಯೇ ಲಕ್ಷಣವಿದೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬವನು ಕೆಂಪು, ಊತ, ಬಿಸಿ, ನೋವು ಎಂದು ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು. ನಮ್ಮ ಸುಶ್ರುತ ಸಂಹಿತೆಯಲ್ಲಿ ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂದು ಮೂರು ಅವಸ್ಥೆಗಳನ್ನು ವಿವರಿಸಿದೆ. ಹಸಿಯಾಗಿರುವಾಗಲೇ ತಿಳಿಯದೆ ಕೊಯ್ಯುವವನನ್ನೂ, ಹಣ್ಣಾದ ಮೇಲೂ ಸುಮ್ಮನಿರುವವನನ್ನೂ ಸುಶ್ರುತನು ಸಮನಾಗಿ ನಿಂದಿಸುತ್ತಾನೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಕಿಣ್ವವೆಂಬುದು ಸಂಸ್ಕೃತದ ಹಳೆಯ ಶಬ್ದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ತಯಾರಿಸುವಾಗ ಹುಳಿಯೇರಿಸಲು ಸೇರಿಸುವ ಪದಾರ್ಥಕ್ಕೆ ಈ ಹೆಸರು. ಪಾಶ್ಚಾತ್ಯರ 'ಎನ್‌ಜೈಮ್' ಎಂಬ ಶಬ್ದವನ್ನು 1877ರಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ರೂಪಿಸಿದಾಗ ಅವನ ಮನಸ್ಸಿನಲ್ಲಿದ್ದುದೂ ಹುದುಗಿನ ಕಲ್ಪನೆಯೇ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದು ಕಣ್ಣಿಗೆ ಕಾಣದ ಜೀವಿಗಳ ಕಿಣ್ವಗಳಿಂದ. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಇಂಥ ಸಾವಿರಾರು ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ: ಕೆಲವು ಜೋಡಿಸುತ್ತವೆ, ಕೆಲವು ಕತ್ತರಿಸುತ್ತವೆ. ನಮ್ಮ ಕಥೆಗೆ ಬೇಕಾದವು ಮುಖ್ಯವಾಗಿ ಕತ್ತರಿಸುವ ಕಿಣ್ವಗಳು.

ಈಗ ಚರಿತ್ರೆಗೆ ಬರೋಣ. 1901ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೇಟರ್ ಎಂಬ ಹೆಂಗಸನ್ನು ಆಕೆಯ ಗಂಡನು ಕರೆತಂದನು. ಆಕೆಗೆ ಆಗ 51 ವರ್ಷ. ಹೆಸರು ಹೇಳಿದರೆ ಊರು ಮರೆಯುವಳು, ತಿನ್ನುತ್ತಿರುವ ಪದಾರ್ಥವನ್ನೇ ಬೇರೆ ಹೆಸರಿನಿಂದ ಕರೆಯುವಳು, ತನ್ನ ಹೆಸರು ಬರೆಯಹೊರಟು ನಡುವೆಯೇ ನಿಂತುಬಿಡುವಳು. ಆಕೆಯನ್ನು ಪರೀಕ್ಷಿಸಿದ ವೈದ್ಯನೇ ಅಲೋಯಿಸ್ ಆಲ್‌ಜೈಮರ್. 1864ರಲ್ಲಿ ಹುಟ್ಟಿದ ಈತನು ಹಗಲು ರೋಗಿಗಳೊಡನೆ ಮಾತನಾಡಿ, ರಾತ್ರಿ ಸೂಕ್ಷ್ಮದರ್ಶಕದ ಮುಂದೆ ಕೂಡುತ್ತಿದ್ದವನು. ಕೆಲವು ವರ್ಷಗಳಲ್ಲಿ ಮ್ಯೂನಿಕ್ ನಗರಕ್ಕೆ ಹೋದರೂ ಆ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ನೋಡಿದನು.

ಅವನಿಗೆ ಕಂಡದ್ದು ಮುಖ್ಯವಾಗಿ ಎರಡು. ನರಕೋಶಗಳ ಹೊರಗೆ ಅಲ್ಲಲ್ಲಿ ಗಸಿಯಂತೆ ಸೇರಿಕೊಂಡ ಕಲೆಗಳು; ನರಕೋಶಗಳ ಒಳಗೆ ಸಿಕ್ಕು ಬಿದ್ದ ನೂಲಿನಂಥ ಎಳೆಗಳು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದಾಗ ಸಭಿಕರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಆದರೂ 1910ರಲ್ಲಿ ಅವನ ಹಿರಿಯರಾದ ಕ್ರೆಪೆಲಿನ್ ಎಂಬವರು ತಮ್ಮ ಗ್ರಂಥದಲ್ಲಿ ಈ ಬೇನೆಗೆ ಆಲ್‌ಜೈಮರನ ಹೆಸರನ್ನೇ ಇಟ್ಟರು. ಪ್ರಾಗ್ ನಗರದ ಆಸ್ಕರ್ ಫಿಶರ್ ಎಂಬವನು 1907ರಲ್ಲಿಯೇ ಅನೇಕ ಮುದುಕರ ಮಿದುಳುಗಳಲ್ಲಿ ಇದೇ ಕಲೆಗಳನ್ನು ಗುರುತಿಸಿದ್ದನು. ಅವನು ಯೆಹೂದ್ಯನಾದ ಕಾರಣ ನಾಜಿಗಳ ಸೆರೆಗೆ ಸಿಕ್ಕಿ 1942ರಲ್ಲಿ ಪ್ರಾಣ ಬಿಟ್ಟನು. ಅವನ ಹೆಸರು ಬಹುಕಾಲ ಯಾರಿಗೂ ಬೇಡವಾಯಿತು. ಆಗಸ್ಟೆಯ ರೋಗಪತ್ರವೂ ಹೀಗೆಯೇ ಕಾಣೆಯಾಗಿದ್ದು, 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ದೊರೆಯಿತು. ಮರೆವಿನ ಬೇನೆಯ ಚರಿತ್ರೆಯಲ್ಲಿ ಮರೆತುಹೋದ ಸಂಗತಿಗಳೂ ಕಡಮೆಯಿಲ್ಲ.

ಹಾಗೆ ಮರೆತ ಸಂಗತಿಗಳಲ್ಲಿ ಒಂದು ಬಹು ಮುಖ್ಯವಾದುದು. ಕಲೆ ಮತ್ತು ಸಿಕ್ಕುಗಳಲ್ಲದೆ, ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಎಂಬ ಕೋಶಗಳೂ ಬದಲಾಗಿವೆಯೆಂದು ಆಲ್‌ಜೈಮರನು 1907ರ ತನ್ನ ಲೇಖನದಲ್ಲಿ ಬರೆದಿದ್ದನು. ಗ್ಲಿಯಾ ಎಂದರೆ ಗ್ರೀಕರ ಭಾಷೆಯಲ್ಲಿ ಅಂಟು. ಈ ಕೋಶಗಳು ಗೋಡೆಯ ಗಾರೆಯಂತೆ ಸುಮ್ಮನೆ ತುಂಬಿಕೊಂಡಿವೆಯೆಂದು ಪಂಡಿತರು ಭಾವಿಸಿದ್ದರು. 1919ರಲ್ಲಿ ಸ್ಪೇನ್ ದೇಶದ ರಿಯೋ ಒರ್ತೇಗಾ ಎಂಬವನು ಇವುಗಳಲ್ಲಿ ಒಂದು ಪಂಗಡವನ್ನು ಬೇರ್ಪಡಿಸಿ ತೋರಿಸಿ, ಮೈಕ್ರೋಗ್ಲಿಯಾ ಎಂದು ಕರೆದನು. ಇವು ಮಿದುಳಿನ ತಳವಾರರು. ಕೈಕಾಲು ಚಾಚಿಕೊಂಡು ಸುತ್ತಲನ್ನು ತಡಕುತ್ತಿರುತ್ತವೆ. ಪೆಟ್ಟು ಬಿದ್ದರೆ, ರೋಗಾಣು ಹೊಕ್ಕರೆ, ಕಸ ಬಿದ್ದರೆ ಆ ಕಡೆಗೆ ಹೋಗಿ ನುಂಗುತ್ತವೆ, ಮತ್ತು ನೆರವಿಗಾಗಿ ಸಂದೇಶದ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ದೇಹದ ಉಳಿದ ಭಾಗಗಳಲ್ಲಿ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ತೋರುವ ಉರಿಯೂತವು ಮಿದುಳಿನಲ್ಲಿ ಹೀಗೆ ನಡೆಯುತ್ತದೆ. ಅಲ್ಲಿ ನೋವಿಲ್ಲ, ಮುಟ್ಟಿದರೆ ತಿಳಿಯುವ ಬಿಸಿಯಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಇರಬಲ್ಲುದು.

1980ರ ದಶಕದ ತನಕ ಗ್ಲಿಯಾದ ವಿಚಾರ ಬದಿಗೇ ಉಳಿಯಿತು. ಆ ಕಾಲದಲ್ಲಿ ಕೆನಡಾ ದೇಶದ ಮೆಕ್‌ಗೀರ್ ದಂಪತಿಗಳು, ಈ ಬೇನೆಯಿಂದ ಸತ್ತವರ ಮಿದುಳಿನ ಕಲೆಗಳ ಸುತ್ತ ಮೈಕ್ರೋಗ್ಲಿಯಾಗಳು ಎಚ್ಚೆತ್ತು ಮುತ್ತಿಕೊಂಡಿರುವುದನ್ನು ತೋರಿಸಿದರು. 1990ರಲ್ಲಿ ಇನ್ನೊಂದು ಕುತೂಹಲದ ಸಂಗತಿಯನ್ನು ಮುಂದಿಟ್ಟರು. ಕೀಲುವಾತದ ರೋಗಿಗಳಲ್ಲಿ ಮರೆವಿನ ಬೇನೆ ಎಣಿಸಿದ್ದಕ್ಕಿಂತ ಕಡಮೆ. ಅವರು ವರ್ಷಾನುಗಟ್ಟಲೆ ಉರಿಯೂತ ತಗ್ಗಿಸುವ ಗುಳಿಗೆ ನುಂಗುವುದೇ ಇದಕ್ಕೆ ಕಾರಣವಿರಬಹುದೇ ಎಂಬ ಪ್ರಶ್ನೆ ಎದ್ದಿತು. ಅದರ ಫಲವನ್ನು ಮುಂದೆ ನೋಡೋಣ.

ಈ ಮಧ್ಯೆ ಕಲೆಗಳು ಯಾವುದರಿಂದ ಆಗಿವೆಯೆಂಬುದು ಗೊತ್ತಾಗಿತ್ತು. 1984ರಲ್ಲಿ ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬವರು ಅಮೈಲಾಯ್ಡ್ ಬೀಟಾ ಎಂಬ ಚಿಕ್ಕ ಪ್ರೋಟೀನು ತುಣುಕನ್ನು ಬೇರ್ಪಡಿಸಿದರು. 1987ರಲ್ಲಿ, ಇದು ನರಕೋಶದ ಪೊರೆಯಲ್ಲಿ ನೆಟ್ಟುಕೊಂಡಿರುವ ಒಂದು ದೊಡ್ಡ ಪ್ರೋಟೀನಿನ ತುಂಡೆಂದು ತಿಳಿಯಿತು. ತುಂಡು ಎಂದ ಮೇಲೆ ಕತ್ತರಿಸಿದವರು ಇರಲೇಬೇಕಷ್ಟೆ. ಶೋಧಕರು ಆ ಕತ್ತರಿಯನ್ನು ಹುಡುಕತೊಡಗಿದರು. 1999ರ ವೇಳೆಗೆ ಎರಡು ಕತ್ತರಿಗಳ ಪರಿಚಯವಾಯಿತು. ಮೊದಲು ಬೀಟಾ ಸೆಕ್ರೆಟೇಸ್ ಎಂಬ ಕಿಣ್ವವು ಆ ದೊಡ್ಡ ಪ್ರೋಟೀನನ್ನು ಪೊರೆಯ ಹೊರಗೆ ಕತ್ತರಿಸುತ್ತದೆ. ಅನಂತರ ಗಾಮಾ ಸೆಕ್ರೆಟೇಸ್ ಎಂಬುದು ಉಳಿದ ತುದಿಯನ್ನು ಪೊರೆಯ ಒಳಗೇ ಕತ್ತರಿಸುತ್ತದೆ. ನಡುವಿನ ತುಣುಕೇ ಅಮೈಲಾಯ್ಡ್ ಬೀಟಾ. ಆಲ್ಫಾ ಸೆಕ್ರೆಟೇಸ್ ಎಂಬ ಮೂರನೆಯ ಕತ್ತರಿಯೂ ಉಂಟು. ಅದು ಸರಿಯಾಗಿ ನಡುವೆಯೇ ಕತ್ತರಿಸುವುದರಿಂದ ಆ ತುಣುಕು ಹುಟ್ಟುವುದೇ ಇಲ್ಲ. ಒಂದೇ ಬಟ್ಟೆಯನ್ನು ಒಬ್ಬ ದರ್ಜಿ ಅಂಗಿಗೆ ಕತ್ತರಿಸಿದಂತೆ, ಇನ್ನೊಬ್ಬ ಚಿಂದಿಮಾಡಿದಂತೆ.

ಹುಟ್ಟಿದ ತುಣುಕೆಲ್ಲ ಉಳಿಯಬೇಕೆಂದಿಲ್ಲ. ಅದನ್ನು ಚೂರುಮಾಡಿ ಕರಗಿಸುವ ಕಿಣ್ವಗಳನ್ನೂ ಪ್ರಕೃತಿ ಇಟ್ಟಿದೆ. ನೆಪ್ರಿಲೈಸಿನ್ ಎಂಬುದು ಒಂದು. ಇನ್ಸುಲಿನ್ನನ್ನು ಒಡೆಯುವ ಕಿಣ್ವವು ಇನ್ನೊಂದು. ಆರೋಗ್ಯವಂತರ ಮಿದುಳಿನಲ್ಲಿಯೂ ಈ ತುಣುಕು ಪ್ರತಿದಿನ ಹುಟ್ಟುತ್ತದೆ, ಪ್ರತಿದಿನ ಕರಗುತ್ತದೆ. ಕೆರೆಗೆ ಒಳಹರಿವೂ ಕೋಡಿಯೂ ಇದ್ದ ಹಾಗೆ. ಒಳಹರಿವು ಹೆಚ್ಚಿದರೂ ಕೆರೆ ಮೀರುತ್ತದೆ, ಕೋಡಿ ಕಟ್ಟಿಕೊಂಡರೂ ಮೀರುತ್ತದೆ.

ಇನ್ನು ಉರಿಯೂತಕ್ಕೂ ಈ ಕಿಣ್ವಗಳಿಗೂ ಏನು ಸಂಬಂಧ? ಮೊದಲನೆಯ ಕತ್ತರಿಯಿಂದ ಆರಂಭಿಸೋಣ. ಎಚ್ಚೆತ್ತ ಗ್ಲಿಯಾ ಕೋಶಗಳು ಹೊರಗೆ ಬಿಡುವ ಸಂದೇಶದ ಪ್ರೋಟೀನುಗಳು ನೆರೆಯ ಕೋಶಗಳನ್ನು ಮುಟ್ಟಿದಾಗ, ಆ ಕೋಶಗಳ ಒಳಗೆ ಆಪತ್ಕಾಲದ ಜೀನುಗಳನ್ನು ತೆರೆಯುವ ಕೀಲಿಯೊಂದು ತಿರುಗುತ್ತದೆ. ಬೀಟಾ ಸೆಕ್ರೆಟೇಸಿನ ಜೀನಿನ ಮೇಲೂ ಆ ಕೀಲಿಗೆ ಹೊಂದುವ ತಾಣವಿದೆ. ಉರಿಯೂತದ ಸಂದೇಶಗಳನ್ನು ಕೊಟ್ಟಾಗ ಈ ಕಿಣ್ವ ಹೆಚ್ಚಾಗಿ ತಯಾರಾಗುವುದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡಿದ್ದಾರೆ.

ಎರಡನೆಯ ಕತ್ತರಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. 2020ರಲ್ಲಿ ನ್ಯೂಯಾರ್ಕ್ ನಗರದ ಸ್ಲೋನ್ ಕೆಟರಿಂಗ್ ಸಂಸ್ಥೆಯ ಯುಎ ಮಿಂಗ್ ಲೀ ಮತ್ತು ಸಂಗಡಿಗರು ಐಎಫ್‌ಐಟಿಎಂ3 ಎಂಬ ಪ್ರೋಟೀನಿನ ಪಾತ್ರವನ್ನು ಪ್ರಕಟಿಸಿದರು. ವೈರಸ್ಸುಗಳು ಕೋಶದೊಳಗೆ ನುಗ್ಗದಂತೆ ತಡೆಯುವುದು ಇದರ ಕೆಲಸವೆಂದು ಮೊದಲೇ ತಿಳಿದಿತ್ತು. ಉರಿಯೂತದ ಸಂದೇಶ ಬಂದೊಡನೆ ನರಕೋಶಗಳಲ್ಲಿ ಇದು ಹೆಚ್ಚುತ್ತದೆ. ಹೆಚ್ಚಿದ ಪ್ರೋಟೀನು ಗಾಮಾ ಸೆಕ್ರೆಟೇಸಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಆ ಕತ್ತರಿ ಚುರುಕಾಗಿ ಅಮೈಲಾಯ್ಡ್ ತುಣುಕುಗಳನ್ನು ಹೆಚ್ಚಾಗಿ ಕತ್ತರಿಸುತ್ತದೆ. ವಯಸ್ಸಾದಂತೆಯೂ ಈ ಪ್ರೋಟೀನು ಹೆಚ್ಚುತ್ತದೆ. ಇದನ್ನು ತೆಗೆದುಹಾಕಿದ ಇಲಿಗಳಲ್ಲಿ ಕಲೆಗಳು ಕಡಮೆಯಾದವು. ಬೇನೆಯವರ ಮಿದುಳುಗಳಲ್ಲಿ ಎಲ್ಲದರಲ್ಲಿಯೂ ಅಲ್ಲದಿದ್ದರೂ ಒಂದು ಗುಂಪಿನಲ್ಲಿ ಇದು ಅಧಿಕವಾಗಿತ್ತು.

ಮೂರನೆಯದು ಕೋಡಿಯ ಸಂಗತಿ. ಅಮೆರಿಕದ ಹಿಕ್‌ಮನ್ ಮತ್ತು ಎಲ್ ಖೌರಿ ಮೊದಲಾದವರು 2008ರಲ್ಲಿ ತೋರಿಸಿದಂತೆ, ಬೇನೆಯ ಇಲಿಗಳು ಮುದಿಯಾದಂತೆಲ್ಲ ಅವುಗಳ ಮೈಕ್ರೋಗ್ಲಿಯಾಗಳು ಉರಿಯೂತದ ಸಂದೇಶಗಳನ್ನು ಮಾತ್ರ ಜೋರಾಗಿ ಬಿಡುತ್ತವೆ. ಕಸವನ್ನು ಹಿಡಿಯುವ ಕೈಗಳೂ ಕರಗಿಸುವ ಕಿಣ್ವಗಳೂ ಅವುಗಳಲ್ಲಿ ಕುಂದುತ್ತವೆ. ತಳವಾರನು ಕೂಗುವುದನ್ನು ಹೆಚ್ಚಿಸಿ ಕಸ ಬಳಿಯುವುದನ್ನು ಬಿಟ್ಟಂತಾಯಿತು. ಇನ್ನು ಸಿಕ್ಕಿನ ಕಡೆಗೆ ನೋಡಿದರೆ, 2019ರಲ್ಲಿ ಜರ್ಮನಿಯ ಹೆನೆಕಾ ಅವರ ಬಳಗವು, ಮೈಕ್ರೋಗ್ಲಿಯಾದೊಳಗಿನ ಉರಿಯೂತದ ಯಂತ್ರವೊಂದು ಎದ್ದಾಗ ಟೌ ಎಂಬ ಪ್ರೋಟೀನಿಗೆ ಫಾಸ್ಫೇಟು ಅಂಟಿಸುವ ಮತ್ತು ಬಿಡಿಸುವ ಕಿಣ್ವಗಳ ಸಮತೂಕ ತಪ್ಪುವುದನ್ನು ಇಲಿಗಳಲ್ಲಿ ತೋರಿಸಿತು. ಟೌ ಸಿಕ್ಕುಬೀಳುವುದು ಹೀಗೆ ಫಾಸ್ಫೇಟು ಅತಿಯಾದಾಗ.

ಇಷ್ಟೂ ಸೇರಿದರೆ ಒಂದು ವಿಷವರ್ತುಲವಾಗುತ್ತದೆ. ಉರಿಯೂತದಿಂದ ಕತ್ತರಿಗಳು ಚುರುಕಾಗುತ್ತವೆ, ಕರಗಿಸುವ ಕಿಣ್ವಗಳು ಕುಗ್ಗುತ್ತವೆ, ತುಣುಕು ಹೆಚ್ಚಿ ಕಲೆಯಾಗುತ್ತದೆ, ಆ ಕಲೆಯನ್ನು ಕಂಡು ತಳವಾರರು ಮತ್ತಷ್ಟು ಕೆರಳುತ್ತಾರೆ, ಉರಿಯೂತ ಇಮ್ಮಡಿಸುತ್ತದೆ. ಹಾಗಾದರೆ ದೇಹವು ತನ್ನನ್ನು ತಾನೇ ಕೆಡಿಸಿಕೊಳ್ಳುವಂಥ ಏರ್ಪಾಟನ್ನು ಏಕೆ ಮಾಡಿಕೊಂಡಿತು? 2010ರಲ್ಲಿ ಬಾಸ್ಟನ್ ನಗರದ ಮೋಯರ್ ಮತ್ತು ತಾಂಜಿ ಎಂಬ ಶೋಧಕರು, ಈ ಅಮೈಲಾಯ್ಡ್ ತುಣುಕಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿರುವುದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಪ್ರಾಯಶಃ ಇದೊಂದು ಹಳೆಯ ರಕ್ಷಣಾವಿಧಾನ. ತುಸು ಕಾಲಕ್ಕೆ ಬೇಕಾದದ್ದು ಬಹುಕಾಲ ನಿಂತಾಗ ಕೇಡಾಗುತ್ತದೆ ಎಂದು ಕೆಲವರ ಊಹೆ. ನಮ್ಮ ನೆರೆಯ ಹರಿಹರದಲ್ಲಿ, 1224ರ ವೇಳೆಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ, ಒಂದೇ ವಿಗ್ರಹದಲ್ಲಿ ಅರ್ಧ ಕಾಯುವ ಹರಿ, ಅರ್ಧ ಲಯಕರ್ತನಾದ ಹರ. ಮೈಕ್ರೋಗ್ಲಿಯಾವನ್ನು ಮಕ್ಕಳಿಗೆ ತಿಳಿಸಬೇಕಾದರೆ ನಾನು ಆ ವಿಗ್ರಹವನ್ನೇ ಉದಾಹರಿಸುತ್ತೇನೆ. ಒಂದರ್ಧವನ್ನು ಒಡೆದು ಇನ್ನೊಂದನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಔಷಧಗಳ ಚರಿತ್ರೆ ಇದನ್ನೇ ಹೇಳುತ್ತದೆ. ಕೀಲುವಾತದ ಗುಳಿಗೆಗಳಿಂದ ಮರೆವನ್ನು ತಡೆಯಬಹುದೇ ಎಂದು ಅಮೆರಿಕದಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಹೃದಯಕ್ಕೆ ಅಪಾಯವಾದೀತೆಂಬ ಭಯದಿಂದ 2004ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಮರೆವು ತಡೆದದ್ದೂ ಕಾಣಲಿಲ್ಲ. ಬೇನೆ ಒಳಗೇ ಮೊಳೆತವರಿಗೆ ಕೊಟ್ಟದ್ದು ತಡವಾಯಿತೆಂದು ಕೆಲವರ ಅಭಿಪ್ರಾಯ. ಗಾಮಾ ಕತ್ತರಿಯನ್ನು ತಡೆಯುವ ಸೆಮಗಾಸೆಸ್ಟಾಟ್ ಎಂಬ ಔಷಧದ ಪರೀಕ್ಷೆಯನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ಬುದ್ಧಿ ಇನ್ನೂ ಕುಂದಿತು, ಏಕೆಂದರೆ ಆ ಕಿಣ್ವಕ್ಕೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಬೀಟಾ ಕತ್ತರಿಯನ್ನು ತಡೆಯುವ ವೆರುಬೆಸೆಸ್ಟಾಟ್ ಕೂಡ 2017 ಮತ್ತು 2018ರಲ್ಲಿ ಸೋತಿತು. ಕಲೆಗಳನ್ನು ತೊಡೆಯುವ ಲೆಕಾನೆಮಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಅದು ಬೇನೆಯ ಆರಂಭದಲ್ಲಿರುವವರಲ್ಲಿ 18 ತಿಂಗಳಲ್ಲಿ ಆಗುವ ಕುಸಿತವನ್ನು ಸುಮಾರು ಕಾಲುಪಾಲಿನಷ್ಟು ನಿಧಾನಗೊಳಿಸಿತು; ಗುಣಪಡಿಸಲಿಲ್ಲ. ಕೆಲವರಿಗೆ ಮಿದುಳಿನಲ್ಲಿ ಊತವೂ ಸಣ್ಣ ರಕ್ತಸ್ರಾವವೂ ಆದವು. ಹಸಿಯಲ್ಲಿ ಕೊಯ್ಯಬಾರದು, ಹಣ್ಣಾದ ಮೇಲೆ ಉಪೇಕ್ಷಿಸಬಾರದು ಎಂಬ ಸುಶ್ರುತನ ಎಚ್ಚರಿಕೆಯನ್ನು ಇಲ್ಲಿ ಸ್ಮರಿಸಬೇಕು. ಉರಿಯೂತವನ್ನು ಯಾವಾಗ ತಣಿಸಬೇಕು, ಯಾವಾಗ ಬಿಡಬೇಕು ಎಂಬುದೇ ಇಂದಿನ ಶೋಧಕರ ಮುಂದಿರುವ ಸಮಸ್ಯೆ.

ಈ ಶೋಧನೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಸ್ಪತ್ರೆಯೆಂಬ ಹೆಸರಿನಿಂದ ಆರಂಭವಾದದ್ದು, 1925ರಲ್ಲಿ ಮಾನಸಿಕ ಆಸ್ಪತ್ರೆಯಾಗಿ, 1954ರಲ್ಲಿ ಅದರೊಡನೆ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹುಚ್ಚೆಂಬ ಮಾತಿನಿಂದ ನರವಿಜ್ಞಾನವೆಂಬ ಮಾತಿನವರೆಗೆ ಸಮಾಜದ ದೃಷ್ಟಿ ಎಷ್ಟು ಬದಲಾಯಿತೆಂಬುದನ್ನು ಈ ಹೆಸರುಗಳೇ ತಿಳಿಸುತ್ತವೆ. ಅಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳ್ತನದಲ್ಲಿ ಮಿದುಳು ಭಂಡಾರ ಆರಂಭವಾಯಿತು. ಮೃತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಅತಿಶೀತದಲ್ಲಿ ಕಾಪಾಡಿ ಶೋಧಕರಿಗೆ ಒದಗಿಸುತ್ತಾರೆ. ಕಣ್ಣಿನ ದಾನ ಗೊತ್ತಿರುವ ನಮಗೆ ಈ ದಾನವಿನ್ನೂ ಅಪರಿಚಿತ; ಆದರೆ ಆಗಸ್ಟೆಯ ಮಿದುಳು ದೊರೆಯದಿದ್ದರೆ ಮೇಲಿನ ಚರಿತ್ರೆಯ ಮೊದಲ ಪುಟವೇ ಇರುತ್ತಿರಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ಅಶ್ವಗಂಧದ ಬೇರಿನ ಸಾರವನ್ನು ಈ ಬೇನೆಯ ಇಲಿಗಳಿಗೆ ಸುಮಾರು ಒಂದು ತಿಂಗಳು ಕೊಟ್ಟು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಇಲಿಗಳ ಮರೆವು ಕಡಮೆಯಾಯಿತು, ಕಲೆಗಳೂ ಕಡಮೆಯಾದವು. ಆಶ್ಚರ್ಯವೆಂದರೆ ಬದಲಾವಣೆಯ ಮೂಲ ಮಿದುಳಿನಲ್ಲಿರದೆ ಪಿತ್ತಜನಕಾಂಗದಲ್ಲಿತ್ತು. ಅಲ್ಲಿ ಅಮೈಲಾಯ್ಡನ್ನು ಹಿಡಿದೆಳೆಯುವ ಗ್ರಾಹಿ ಪ್ರೋಟೀನೂ, ಅದನ್ನು ಚೂರುಮಾಡುವ ನೆಪ್ರಿಲೈಸಿನ್ ಕಿಣ್ವವೂ ಹೆಚ್ಚಿದ್ದವು. ರಕ್ತದಲ್ಲಿ ಕಸ ತೊಳೆದಂತೆ ಮಿದುಳಿನ ಕಸ ಹೊರಕ್ಕೆ ಇಳಿದು ಬಂದಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿಯೂ ಟಿ. ಗೋವಿಂದರಾಜು ಅವರ ಬಳಗವು ಅಮೈಲಾಯ್ಡ್ ಗಂಟುಕಟ್ಟುವುದನ್ನು ತಡೆಯುವ ಅಣುಗಳನ್ನು ರೂಪಿಸಿ ಇಲಿಗಳಲ್ಲಿ ಪರೀಕ್ಷಿಸಿದೆ. ಆದರೆ ಇಲಿಗೆ ಗುಣವಾದದ್ದು ಮನುಷ್ಯನಿಗೂ ಆಗಲೇಬೇಕೆಂದಿಲ್ಲ. ಅರಿಸಿನದ ಸಾರವು ಇಲಿಗಳಲ್ಲಿ ಭರವಸೆ ಹುಟ್ಟಿಸಿದ ಮೇಲೆ ಅಮೆರಿಕದ ರೋಗಿಗಳಿಗೆ ಕೊಟ್ಟು ನೋಡಿದಾಗ, 2012ರಲ್ಲಿ ಪ್ರಕಟವಾದ ವರದಿಯಂತೆ, ಪ್ರಯೋಜನ ಕಾಣಲಿಲ್ಲ. ಅಂಗಡಿಯ ಪುಡಿಯನ್ನು ನಂಬಿ ವೈದ್ಯರನ್ನು ಬಿಡುವುದು ವಿವೇಕವಲ್ಲ.

ಇನ್ನೊಂದು ಕಾರ್ಯ ಕೋಲಾರ ಜಿಲ್ಲೆಯಲ್ಲಿ ನಡೆದಿದೆ. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ಬಹುವರ್ಷ ಅನುಸರಿಸಿ ನೋಡುವ ಗುರಿಯಿಂದ, ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಅಧ್ಯಯನ ಆರಂಭಿಸಿತು. ರಕ್ತ, ನೆನಪು, ನಡಿಗೆ, ಮಿದುಳಿನ ಚಿತ್ರ ಎಲ್ಲವನ್ನೂ ಆರೋಗ್ಯವಾಗಿರುವಾಗಲೇ ನೋಡಿಡುತ್ತಾರೆ. ಬೇನೆಯ ಕಿಡಿ ಹೊರಗೆ ಲಕ್ಷಣ ಕಾಣುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಬಿದ್ದಿರುವುದರಿಂದ, ಅದನ್ನು ಹಿಡಿಯಬೇಕಾದರೆ ಹೀಗೆ ಮುಂಚೆಯೇ ಕಾದು ಕೂಡಬೇಕು. ಪಾಶ್ಚಾತ್ಯ ನಗರವಾಸಿಗಳ ಮಿದುಳನ್ನು ನೋಡಿ ಬರೆದ ಶಾಸ್ತ್ರವು ನಮ್ಮ ಒಕ್ಕಲಿಗನಿಗೆ ಎಷ್ಟು ಹೊಂದುತ್ತದೆಂಬುದೂ ಇದರಿಂದ ತಿಳಿಯಬೇಕಾಗಿದೆ.

ಭಾಷೆಯ ಉಪಾಧ್ಯಾಯನಾದ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬೇರೊಂದು ಸಂಗತಿ. ಮರೆವನ್ನು ಅಳೆಯುವ ಪ್ರಶ್ನೆಗಳು ಬಹುಕಾಲ ಇಂಗ್ಲಿಷಿನಿಂದ ಎರವಲು ಬಂದವು. ಓದು ಬರಹ ಬಾರದ ಅಜ್ಜಿಗೆ ಅವು ಹೊಂದುತ್ತಿರಲಿಲ್ಲ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳು ಸಿದ್ಧವಾಗಿವೆ. ಈಗ ನಿಮ್ಹಾನ್ಸ್ ಸಂಸ್ಥೆಯಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಭಾಷೆ ಬಲ್ಲವರಿಗೆ ಬುದ್ಧಿಭ್ರಂಶವು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತು; ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಹಾಗೆಯೇ. ದಾವಣಗೆರೆಯ ಸಂತೆಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ನುಡಿಗಳನ್ನು ಬದಲಿಸಿ ಬದಲಿಸಿ ಆಡುವವರು ಇದನ್ನು ಕೇಳಿ ಹಿಗ್ಗಬಹುದು.

ಲೆಕ್ಕವನ್ನೂ ಒಮ್ಮೆ ನೋಡಬೇಕು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಬುದ್ಧಿಭ್ರಂಶವಿದೆ. ಆಲ್‌ಜೈಮರನ ಬೇನೆ ಅದರ ಅತಿ ಸಾಮಾನ್ಯ ಕಾರಣ, ಏಕೈಕ ಕಾರಣವಲ್ಲ. ನೂರಕ್ಕೆ 7.4 ಎಂದರೆ ಉಳಿದ 92ಕ್ಕೂ ಹೆಚ್ಚು ಮಂದಿಗೆ ಇಲ್ಲವೆಂದೇ ಅರ್ಥ. ಅರವತ್ತಾದರೆ ಅರಳು ಮರುಳು ಸಹಜವೆಂಬ ಗಾದೆಯನ್ನು ಈ ಒಂದು ಅಂಕಿಯೇ ಸುಳ್ಳುಮಾಡುತ್ತದೆ. ಚರಕಾಚಾರ್ಯನು ಧೀ, ಧೃತಿ, ಸ್ಮೃತಿಗಳು ಜಾರುವುದನ್ನು ರೋಗದ ಪ್ರಕರಣದಲ್ಲಿ ಎಣಿಸಿದನೇ ಹೊರತು ಮುಪ್ಪಿನ ಅಲಂಕಾರವೆಂದು ತಳ್ಳಿಹಾಕಲಿಲ್ಲ.

ಗೃಹಸ್ಥರು ಇದರಿಂದ ಏನನ್ನು ತಿಳಿಯಬೇಕು? ಮೊದಲನೆಯದಾಗಿ, ಮರೆಯುವ ಹಿರಿಯರನ್ನು ಒಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು. ಥೈರಾಯ್ಡಿನ ಕೊರತೆ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಗುಳಿಗೆಗಳು ಇವುಗಳಿಂದಲೂ ಇಂಥದೇ ಮರೆವು ಬರುವುದುಂಟು, ಅವನ್ನು ಸರಿಪಡಿಸಬಹುದು. ಎರಡನೆಯದಾಗಿ, ತಡೆಯುವ ದಾರಿಗಳಿವೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿಯು 14 ಕಾರಣಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಬುದ್ಧಿಭ್ರಂಶದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಹೇಳಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ ಸಿಗರೇಟು, ಮದ್ಯ, ಹೊಗೆ ತುಂಬಿದ ಗಾಳಿ, ಮೈಗಳ್ಳತನ, ತಲೆಗೆ ಪೆಟ್ಟು, ಕಿವಿ ಮಂದವಾಗುವುದು, ಒಂಟಿತನ, ಬಾಲ್ಯದಲ್ಲಿ ಶಾಲೆ ತಪ್ಪುವುದು ಇವೆಲ್ಲ ಅದರಲ್ಲಿವೆ. ಇವುಗಳಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಹೊಗೆ ಮೊದಲಾದವು ದೇಹದಲ್ಲಿ ಉರಿಯೂತವನ್ನು ಸದಾ ಊದುತ್ತಿರುವಂಥವು. ಒಲೆಯ ಹೊಗೆ ಹೊರಹೋಗುವಂತೆ ಅಡಿಗೆಮನೆಗೆ ಕಿಟಕಿ ಇಡುವುದೂ, ಹೆಣ್ಣುಮಗಳನ್ನು ಹತ್ತನೆಯ ತರಗತಿಯವರೆಗಾದರೂ ಓದಿಸುವುದೂ ಐವತ್ತು ವರ್ಷಗಳ ಮುಂದಿನ ಮರೆವಿಗೆ ಹಾಕುವ ಒಡ್ಡು ಎಂದರೆ ಅತಿಶಯೋಕ್ತಿಯಾಗದು.

ಮೂರನೆಯದಾಗಿ, ಬೇನೆ ಬಂದೇಬಿಟ್ಟರೆ, ಅದು ಬೇನೆಯೆಂದು ತಿಳಿದು ನಡೆದುಕೊಳ್ಳಬೇಕು. ಅಜ್ಜಿ ಬಡಿಸಿದ್ದನ್ನು ಬಡಿಸಲಿಲ್ಲವೆಂದರೆ ಅದು ಸುಳ್ಳಲ್ಲ, ಹಟವಲ್ಲ, ಸೊಸೆಯ ಮೇಲಿನ ಹಗೆಯೂ ಅಲ್ಲ. ಆ ನೆನಪನ್ನು ಬರೆದಿಡಬೇಕಾದ ನರಕೋಶಗಳ ಸುತ್ತ ಕೆಂಡ ಹೊಗೆಯಾಡುತ್ತಿದೆ, ಕತ್ತರಿಗಳು ಅಳತೆ ತಪ್ಪಿವೆ, ಕಸ ತೆಗೆಯುವವರು ಸೋತಿದ್ದಾರೆ. ವಾದ ಮಾಡಿ ಗೆದ್ದರೆ ಆಕೆಗೆ ನೆನಪು ಬಾರದು, ಕಣ್ಣೀರು ಬರುತ್ತದೆ. ಇನ್ನೊಂದು ತುತ್ತು ಕೊಟ್ಟು ಮಾತು ಬದಲಿಸುವುದೇ ಲೇಸು. ನಿನ್ನೆಯ ಸಂಗತಿ ಅಳಿಸಿದವರಲ್ಲಿಯೂ ಬಾಲ್ಯದ ಹಾಡು ಬಹುಕಾಲ ಉಳಿದಿರುವುದುಂಟು. ರೇಡಿಯೋದಲ್ಲಿ ಹಳೆಯ ಪದವೊಂದು ಬಂದಾಗ ಅಂಥವರು ತುಟಿ ಸೇರಿಸುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು.

ಬೆಂಕಿ ಹೇಗೆ ಹತ್ತುತ್ತದೆಂದು ತಿಳಿಯಲು ಪಂಡಿತರಿಗೆ ಒಂದು ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಅದನ್ನು ಆರಿಸುವ ಬಗೆ ಗೊತ್ತಾಗುವವರೆಗೆ, ಬೆಂದ ಮನೆಯವರನ್ನು ಮೂದಲಿಸದಿರುವುದಾದರೂ ನಮ್ಮ ಕೈಯಲ್ಲಿದೆ.